ಕೊಳಕು ನಳಿಗೆಯ ಪರೀಕ್ಷೆ

ಲೂಯಿಸ್‌ಟೌನ್, ಮೊಂಟಾನಾ
ಅಕ್ಟೋಬರ್ ೧೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳು ಕೊರಿನ್‌ಗೆ,

ನೀನು ಆರೋಗ್ಯವಾಗಿದ್ದೀಯ ಎಂದು ನಂಬಿದ್ದೇನೆ. ಹೀಗೆ ಬರೆದ ಮೇಲೆ ನಿನ್ನ ಕಾಗದವನ್ನು ಇನ್ನೊಮ್ಮೆ ತೆಗೆದು ನೋಡಿದೆ. ಆರೋಗ್ಯವಾಗಿಲ್ಲ ಎಂದು ಹೇಳುವುದಕ್ಕೇ ನೀನು ಎರಡು ಪುಟ ಬರೆದಿದ್ದೀಯ. ಆದರೂ ಮೊದಲ ಸಾಲನ್ನು ಹೊಡೆದುಹಾಕುವುದಿಲ್ಲ; ಕಾಗದವೆಂದರೆ ಹಾಗೇ ಶುರುವಾಗಬೇಕು. ನನ್ನ ಆರೋಗ್ಯ ವಯಸ್ಸಿಗೆ ತಕ್ಕಷ್ಟಿದೆ. ಎಡ ಮಂಡಿ ಹವೆ ಬದಲಾಗುವುದನ್ನು ರೇಡಿಯೋದವರಿಗಿಂತ ಅರ್ಧ ದಿನ ಮೊದಲೇ ಹೇಳುತ್ತದೆ. ಕಿವಿಯ ಯಂತ್ರ ನನಗೆ ಬೇಡದ ಸದ್ದುಗಳನ್ನೆಲ್ಲ ತಂದುಕೊಡುತ್ತದೆ, ಬೇಕಾದ ಮಾತನ್ನು ಬಿಟ್ಟುಬಿಡುತ್ತದೆ. ಹಾಗಾಗಿ ನೀನು ಫೋನು ಮಾಡದೆ ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಿ ನನಗೆ ಅರ್ಧ ಕೇಳುತ್ತದೆ, ಉಳಿದ ಅರ್ಧಕ್ಕೆ ಹೂಂ ಅನ್ನುತ್ತೇನೆ. ಗುರುವಾರ ಮೊದಲ ಹಿಮ ಬಿತ್ತು, ಶುಕ್ರವಾರ ಮಧ್ಯಾಹ್ನಕ್ಕೆ ಕರಗಿತು. ಮೂವತ್ತು ವರ್ಷ ಕೌಂಟಿಯ ಹಿಮ ತೆಗೆಯುವ ಗಾಡಿ ಓಡಿಸಿದವನಿಗೆ ಅಂಥ ಬೆಳಿಗ್ಗೆ ಮನೆಯಲ್ಲಿ ಕೂತು ಕಾಫಿ ಕುಡಿಯುವುದು ಈಗಲೂ ಯಾರಿಂದಲೋ ಕದ್ದ ರಜೆಯ ಹಾಗೆ ಅನ್ನಿಸುತ್ತದೆ. ಆಲೂಗಡ್ಡೆ ಕಿತ್ತದ್ದಾಯಿತು. ಈ ಸಲ ಸಣ್ಣವು.

ನಾನು ಬೋಜ್‌ಮನ್ ಕಾಲೇಜಿನಲ್ಲಿ ಒಂದೂವರೆ ವರ್ಷ ಇದ್ದದ್ದು ನಿನಗೆ ಗೊತ್ತು. ಅಲ್ಲಿ ಇಂಗ್ಲಿಷ್ ಪ್ರಬಂಧ ಕಲಿಸುತ್ತಿದ್ದ ಮೇಷ್ಟ್ರು, ಬರೆಯುವವನು ತನ್ನ ಮುಖ್ಯ ಮಾತನ್ನು ಮೊದಲ ವಾಕ್ಯದಲ್ಲೇ ಹೇಳಬೇಕು ಎಂದಿದ್ದರು. ಅಥವಾ ಕೊನೆಯ ವಾಕ್ಯಕ್ಕೆ ಉಳಿಸಿಕೊಳ್ಳಬೇಕು ಎಂದಿದ್ದರೋ ಏನೋ. ಎರಡರಲ್ಲಿ ಒಂದು, ಯಾವುದೆಂದು ಮರೆತಿದೆ. ಅಲ್ಪವಿರಾಮದ ಬಗ್ಗೆಯೂ ಒಂದು ನಿಯಮವಿತ್ತು. ಹಾಗಾಗಿ ನನಗೆ ಬಂದ ಕ್ರಮದಲ್ಲೇ ಬರೆಯುತ್ತೇನೆ, ನೀನು ಬೇಕಾದ್ದನ್ನು ಆರಿಸಿಕೋ.

ನಿನ್ನ ಕಾಗದದಲ್ಲಿ ಇರುವುದು ಇಷ್ಟು. ನಾನು ಸರಿಯಾಗಿ ಓದಿಕೊಂಡಿದ್ದೇನೆಯೇ ನೋಡು. ಅಮ್ಮ ಹೋದ ಮೇಲೆ ನೀನು ಸ್ಪೋಕೇನ್‌ಗೆ ತೆಗೆದುಕೊಂಡು ಹೋದ ಅವಳ ಪಿಸ್ತೂಲು, ಗುಂಡಿನ ಅಚ್ಚು, ಹಸಿರು ರಟ್ಟಿನ ನೋಟುಪುಸ್ತಕ ಇವನ್ನು ಇಟ್ಟುಕೊಂಡು ಈ ಬೇಸಿಗೆಯಿಂದ ಅಲ್ಲಿನ ಕ್ಲಬ್ಬಿನಲ್ಲಿ ಗುರಿ ಹೊಡೆಯಲು ಶುರುಮಾಡಿದ್ದೀಯ. ಕಾಡತೂಸು ಒತ್ತುವ ಹೊಸ ಪ್ರೆಸ್ಸು ಕೊಂಡು, ಸೀಸ ಕರಗಿಸಿ ಗುಂಡು ಎರೆದು, ಕಾಡತೂಸನ್ನು ನೀನೇ ತುಂಬುತ್ತಿದ್ದೀಯ. ಅಮ್ಮನ ನೋಟುಪುಸ್ತಕದ ಕೊನೆಯ ಪುಟದಲ್ಲಿರುವ ಉದ್ದಕ್ಕೇ ಗುಂಡು ಕೂರಿಸಿದ್ದೀಯ. ಮೊದಲ ಐವತ್ತು ಅರವತ್ತು ಸರಿಯಾಗಿ ಹೋಗುತ್ತವೆ. ಆಮೇಲೆ, ಹತ್ತು ಸೆಕೆಂಡಿಗೆ ಐದು ಹೊಡೆಯಬೇಕಾದ ಸುತ್ತಿನಲ್ಲಿ, ಪಿಸ್ತೂಲಿನ ಮೇಲುಭಾಗದಲ್ಲಿ ಹಿಂದೆಮುಂದೆ ಜಾರುವ ಸ್ಲೈಡು ಮುಂದಕ್ಕೆ ಬಂದು ಬೆಂಕಿಕಡ್ಡಿಯ ದಪ್ಪದಷ್ಟು ಉಳಿದಂತೆ ನಿಂತುಬಿಡುತ್ತದೆ. ಪೂರ್ತಿ ಮುಚ್ಚುವುದಿಲ್ಲ, ಗುಂಡು ಹಾರುವುದಿಲ್ಲ. ಕ್ಲಬ್ಬಿನವರು ನಿನ್ನ ಮಣಿಕಟ್ಟು ಗಟ್ಟಿಯಾಗಿ ನಿಲ್ಲುತ್ತಿಲ್ಲ, ಕೈ ಹಿಂದಕ್ಕೆ ಬಗ್ಗುವುದರಿಂದ ಸ್ಲೈಡಿಗೆ ಬಲ ಸಾಲುತ್ತಿಲ್ಲ ಎಂದಿದ್ದಾರೆ. ಅಮ್ಮನಿಗೂ ಹೀಗೇ ಆಗಿತ್ತಲ್ಲವೇ, ಇದು ನಮ್ಮ ರಕ್ತದಲ್ಲೇ ಇದೆಯೇ ಎಂದು ಕೇಳಿದ್ದೀಯ. ಹಲ್ಲು ಶುಚಿ ಮಾಡುವ ಕೆಲಸದಲ್ಲಿ ವಾರಕ್ಕೆ ಒಂದು ದಿನ ಕಡಿಮೆ ಮಾಡಿಕೊಂಡಿದ್ದೀಯ. ನವೆಂಬರ್ ನಾಲ್ಕಕ್ಕೆ ನರದ ಡಾಕ್ಟರನ್ನು ನೋಡುತ್ತೀಯ. ಅಷ್ಟರೊಳಗೆ ಪಿಸ್ತೂಲನ್ನು ಮಾರಿಬಿಡಲೇ ಎಂದೂ ಕೇಳಿದ್ದೀಯ.

ಮಾರಬೇಡ. ಮಣಿಕಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಉದ್ದದ ವಿಷಯ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಸಹಿಸಿಕೋ. ನನಗೆ ಯಾವುದನ್ನೂ ಮಧ್ಯದಿಂದ ಹೇಳಲು ಬರುವುದಿಲ್ಲ. ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಅದರ ಬಾಯಿಗೆ ಸೀಸದ ಗುಂಡು, ಒಟ್ಟು ಸೇರಿ ಕಾಡತೂಸು. ಪ್ರೆಸ್ಸಿನ ಹಿಡಿಕೆ ಎಳೆದಾಗ ಚಿಪ್ಪು ಮೇಲೇರಿ ಡೈ ಎಂಬ ಉಕ್ಕಿನ ಕೊಳವೆಯೊಳಗೆ ಹೋಗುತ್ತದೆ, ಡೈಯ ನೆತ್ತಿಯಲ್ಲಿರುವ ತಿರುಪು ಗುಂಡಿನ ತಲೆ ಒತ್ತಿ ಅದನ್ನು ಚಿಪ್ಪಿನ ಬಾಯಲ್ಲಿ ಕೂರಿಸುತ್ತದೆ. ತಿರುಪನ್ನು ಕೆಳಗಿಳಿಸಿದರೆ ಗುಂಡು ಆಳಕ್ಕೆ ಕೂರುತ್ತದೆ, ಮೇಲೆತ್ತಿದರೆ ಎತ್ತರದಲ್ಲಿ ನಿಲ್ಲುತ್ತದೆ. ಕಾರ್ಖಾನೆಯ ತಾಮ್ರದ ಹೊದಿಕೆಯ ಗುಂಡು ಸಣ್ಣಪುಟ್ಟ ತಪ್ಪನ್ನು ಕ್ಷಮಿಸುತ್ತದೆ. ನಾವು ಎರೆದ ಗುಂಡು ಕ್ಷಮಿಸುವುದಿಲ್ಲ. ಅದು ನಳಿಗೆಗಿಂತ ಕೂದಲೆಳೆಯಷ್ಟು ದಪ್ಪ, ಮೇಲೆ ಅದಕ್ಕೊಂದು ಭುಜ ಬೇರೆ. ಆ ಭುಜ ಚಿಪ್ಪಿನ ಬಾಯಿಂದ ತೀರಾ ಮೇಲಿದ್ದರೆ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಹೋಗಿ ತಗುಲುತ್ತದೆ. ಆಗ ಕಾಡತೂಸು ಅದರ ಜಾಗದಲ್ಲಿ ಪೂರ್ತಿ ಕೂರುವುದಿಲ್ಲ, ಸ್ಲೈಡು ಅದರ ಹಿಂದೆಯೇ ನಿಂತುಬಿಡುತ್ತದೆ. ತೀರಾ ಆಳಕ್ಕೆ ಕೂರಿಸಿದರೆ ಒಳಗೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಅದು ಇನ್ನೂ ಅಪಾಯ. ನಿನ್ನ ಅಮ್ಮನ ಅಳತೆ ಹೆಬ್ಬೆರಳಿನ ಉಗುರು. ಚಿಪ್ಪಿನ ಅಂಚಿನ ಮೇಲೆ ಸೀಸದ ಭುಜ ಒಂದು ಉಗುರಿನ ದಪ್ಪದಷ್ಟು ಕಾಣಬೇಕು, ಹೆಚ್ಚಿಲ್ಲ, ಕಡಿಮೆಯಿಲ್ಲ.

ಮಾಡಬೇಕಾದ್ದು ಇದು. ಉದ್ದ ಅಳೆಯುವ ಕ್ಯಾಲಿಪರನ್ನು ಪಕ್ಕಕ್ಕಿಡು. ಪಿಸ್ತೂಲು ಖಾಲಿಯಿದೆಯೆಂದು ಎರಡು ಸಲ ನೋಡಿ ನಳಿಗೆಯನ್ನು ಬಿಚ್ಚಿಕೋ. ಮದ್ದಿಲ್ಲದ, ಕೇಪಿಲ್ಲದ ಬರಿಯ ಚಿಪ್ಪಿಗೆ ಗುಂಡು ಕೂರಿಸಿ ನಳಿಗೆಯ ಹಿಂಬಾಯಿಗೆ ಬಿಡು. ಟಣ್ ಎಂದು ಬೀಳಬೇಕು. ಬೆರಳಲ್ಲಿ ತಿರುಗಿಸಿದರೆ ತಡೆಯಿಲ್ಲದೆ ತಿರುಗಬೇಕು. ನಳಿಗೆಯನ್ನು ಬೋರಲು ಹಾಕಿದರೆ ತಾನಾಗಿ ಕೈಗೆ ಉದುರಬೇಕು. ಮೂರರಲ್ಲಿ ಒಂದು ತಪ್ಪಿದರೂ ಉದ್ದ ಜಾಸ್ತಿ ಎಂದು ಅರ್ಥ. ಆಗ ಡೈಯ ಮೇಲಿನ ಬಿಗಿ ಉಂಗುರ ಸಡಿಲಿಸಿ ತಿರುಪನ್ನು ಸುತ್ತಿನ ಎಂಟನೇ ಒಂದು ಭಾಗದಷ್ಟು ಇಳಿಸು, ಇನ್ನೊಂದು ಕೂರಿಸು, ಮತ್ತೆ ಬಿಡು. ಒಂದೇ ಸಲಕ್ಕೆ ಅರ್ಧ ಸುತ್ತು ತಿರುಗಿಸಬೇಡ. ಅರ್ಧ ಸುತ್ತೆಂದರೆ ಕೈಗೆ ಏನೂ ಅಲ್ಲ, ಬಾಗಿಲ ಚಿಲಕ ತಿರುಗಿಸಿದಷ್ಟು; ಆದರೆ ಗುಂಡಿಗೆ ಅದು ಇಂಚಿನ ಸಾವಿರ ಭಾಗದಲ್ಲಿ ಹದಿನೆಂಟು ಭಾಗ. ಟಣ್ ಎಂದ ಮೇಲೂ ಅಲ್ಲಿಗೇ ನಿಲ್ಲಿಸಬೇಡ, ಯಾಕೆಂದರೆ ಮುಖ್ಯ ಸಂಗತಿ ಇನ್ನೂ ಬಂದಿಲ್ಲ. ಈ ಪರೀಕ್ಷೆಯನ್ನು ಕೊಳಕು ನಳಿಗೆಯಲ್ಲಿ ಮಾಡಬೇಕು. ಅರವತ್ತು ಗುಂಡು ಹೋದ ನಳಿಗೆಯ ಒಳಬಾಯಲ್ಲಿ ಸೀಸವೂ ಗುಂಡಿಗೆ ಹಚ್ಚಿದ ಮೇಣವೂ ಸೇರಿ ಒಂದು ಉಂಗುರ ಕಟ್ಟಿರುತ್ತದೆ, ನಿನ್ನ ಕಸುಬಿನ ಮಾತಲ್ಲಿ ಹೇಳುವುದಾದರೆ ಹಲ್ಲಿನ ಬುಡದ ಗಾರೆ. ತೊಳೆದ ನಳಿಗೆಯಲ್ಲಿ ಟಣ್ ಎಂದ ಕಾಡತೂಸು ಆ ಉಂಗುರ ಕಟ್ಟಿದ ಮೇಲೆ ಧಪ್ ಎಂದು ಕೂತು ಕಾಗದದ ದಪ್ಪದಷ್ಟು ಹೊರಗೇ ಉಳಿಯುತ್ತದೆ. ನೀನು ಬಾಯಿ ತೊಳೆದೇ ಬದುಕುವವಳು, ನಳಿಗೆಯನ್ನೂ ಫಳಫಳ ತೊಳೆದೇ ಅಳತೆ ನೋಡಿರುತ್ತೀಯ. ತೊಳೆದ ನಳಿಗೆ ಸುಳ್ಳು ಹೇಳುತ್ತದೆ ಮಗಳೇ. ಪುಸ್ತಕದ ಅಂಕಿಯೂ ಹೇಳುತ್ತದೆ. ಅಂಕಿಯನ್ನು ಬಿಡು, ಕೊಳಕು ನಳಿಗೆ ಹೇಳಿದ್ದನ್ನು ಕೇಳು.

ಇದನ್ನು ನಿನ್ನ ಅಮ್ಮ ಯಾರಿಂದಲೂ ಕಲಿತದ್ದಲ್ಲ. ನಮ್ಮ ಮನೆಯ ಏರ್ಪಾಡು ನಿನಗೆ ನೆನಪಿರಬಹುದು: ಗುಂಡು ಎರೆಯುವುದು ಅವಳು, ಕಾಡತೂಸು ತುಂಬುವುದು ನಾನು, ಹೊಡೆಯುವುದು ಅವಳು. ಟೈರ್ ಅಂಗಡಿಯಿಂದ ತಂದ ಸೀಸದ ತುಂಡುಗಳನ್ನು ಶೆಡ್ಡಿನ ಎರಡೂ ಬಾಗಿಲು ತೆರೆದಿಟ್ಟು ಕಬ್ಬಿಣದ ಮಡಕೆಯಲ್ಲಿ ಕರಗಿಸುತ್ತಿದ್ದಳು. ತೋಳಿನವರೆಗೆ ಚರ್ಮದ ಗವಸು, ತಲೆಗೆ ನನ್ನ ಹಳೆಯ ಟೋಪಿ. ಗುಂಡು ಮಂಕಾಗಿ ಬಂದರೆ ಸೀಸಕ್ಕೆ ಸಿಟ್ಟು ಬಂದಿದೆ ಎಂದು ಅಚ್ಚನ್ನು ಸ್ವಲ್ಪ ಹೊತ್ತು ನೆರಳಿನ ಕಲ್ಲಿನ ಮೇಲೆ ಆರಲು ಇಟ್ಟು ಸಿಗರೇಟು ಸೇದುತ್ತಿದ್ದಳು, ಆಗ ಸೇದುತ್ತಿದ್ದಳು. ಡೈಯ ಅಳತೆ ಒಮ್ಮೆ ಸರಿಬಂದ ಮೇಲೆ ಅದು ಅಲುಗಬಾರದೆಂದು ತಿರುಪಿನಿಂದ ಉಂಗುರದವರೆಗೆ ಕೆಂಪು ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಳು. ಅವಳು ಆಯುಷ್ಯದಲ್ಲಿ ಕೊಂಡದ್ದು ಅದೊಂದೇ ಸೀಸೆ. ಔಷಧದಂಗಡಿಯ ಹೆಂಗಸು ನಕ್ಕು, "ಅಂತೂ ಉಗುರಿಗೆ ಬಣ್ಣ ಹಚ್ಚೋ ಆಸೆ ಬಂತಾ ಆರ್ಡಿಸ್?" ಎಂದಳಂತೆ. "ನಂಗಲ್ಲ, ಲೋವೆಲ್‌ಗೆ," ಎಂದಳಂತೆ ಇವಳು. ಆಮೇಲೆ ಒಂದು ತಿಂಗಳು ಆ ಅಂಗಡಿಯಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಗೆರೆ ಕೂಡಿದ್ದರೆ ಅಳತೆ ಸರಿ, ಮುರಿದಿದ್ದರೆ ಯಾರೋ ಕೈಯಾಡಿಸಿದ್ದಾರೆ. ಅಷ್ಟೇ ಅವಳ ನಿಯಮ. ನಮ್ಮ ಮನೆಯಲ್ಲಿ ಆ ಯಾರೋ ಎಂಬವನು ಒಬ್ಬನೇ ಇದ್ದ.

ಗ್ರೇಟ್ ಫಾಲ್ಸ್‌ನ ಸ್ಪರ್ಧೆಯ ಬಗ್ಗೆಯೂ ಬರೆದಿದ್ದೀಯ. ಬರುವ ಜೂನಿಗೆ ಹತ್ತು ವರ್ಷವಾಗುತ್ತದೆ. ನೀನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನೆನಪಿರುವಷ್ಟು ಹೇಳುತ್ತೇನೆ. ನಿಧಾನದ ಸುತ್ತು ಮುಗಿದಾಗ ಅವಳು ರಾಜ್ಯದ ಹಿರಿಯರ ವಿಭಾಗದಲ್ಲಿ ಮೊದಲಿದ್ದಳು. ಕೊನೆಯ ಸುತ್ತಿನಲ್ಲಿ, ಹತ್ತು ಸೆಕೆಂಡಿಗೆ ಐದು ಹೊಡೆಯುವಾಗ, ಎರಡು ಹೋಯಿತು, ಮೂರನೆಯದಕ್ಕೆ ಸ್ಲೈಡು ನಿಂತಿತು. ಹೆಬ್ಬೆರಳಿನಲ್ಲಿ ನೂಕಿದಳು, ಅಷ್ಟರಲ್ಲಿ ಹೊತ್ತು ಮುಗಿದು ಗುರಿಹಲಗೆ ಅಡ್ಡಕ್ಕೆ ತಿರುಗಿತು. ಆ ಆಟದಲ್ಲಿ ಹೀಗಾದರೆ ಖಾಲಿ ಕೈಯನ್ನು ಮೇಲೆತ್ತಬೇಕು. ದೋಷ ಆಯುಧದ್ದೋ ಕಾಡತೂಸಿನದೋ ಎಂದು ನೋಡಿ ಆ ಸುತ್ತನ್ನು ಇನ್ನೊಮ್ಮೆ ಹೊಡೆಯಲು ಬಿಡುತ್ತಾರೆ, ಒಂದೇ ಸಲ. ಅವಳು ಕೈ ಎತ್ತಲಿಲ್ಲ. ಅಂದು ಗುರಿ ಹೊಡೆಯುವವರ ಸಾಲು ನೋಡಿಕೊಳ್ಳುತ್ತಿದ್ದವನು ನಮ್ಮ ಊರಿನ ಕ್ಲಬ್ಬಿನ ಎಮೆಟ್. ಅವನು ಹತ್ತಿರ ಬಂದು, "ಕೈ ಎತ್ತು ಮಾರಾಯ್ತಿ, ಇನ್ನೊಂದು ಸಲ ಸಿಗುತ್ತೆ. ಬಿಗುಮಾನಕ್ಕೇನು ಬಹುಮಾನ ಕೊಡ್ತಾರಾ ಇಲ್ಲಿ?" ಎಂದ. "ನಮ್ಮನೇಲಿ ತುಂಬಿದ ಕಾಡತೂಸು ಎಮೆಟ್, ಅದರ ಮೇಲೆ ನಾನು ದೂರು ಹೇಳಲ್ಲ," ಎಂದಳು. ಮುಂದಿನ ಐದರಲ್ಲಿ ಮತ್ತೆ ನಿಂತಿತು. ಏಳನೆಯವಳಾಗಿ ಮನೆಗೆ ಬಂದಳು.

ಹಿಂದಿರುಗುವಾಗ ದಾರಿಯ ಸ್ಟ್ಯಾನ್‌ಫೋರ್ಡ್ ಊರಿನಲ್ಲಿ ಹಣ್ಣಿನ ಪೈ ತಿನ್ನಲು ನಿಂತಾಗ ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ, ಕಿವಿ ಆಗ ಚೆನ್ನಾಗಿತ್ತು. "ಅಮ್ಮಾ, ನಿನ್ನ ಮಣಿಕಟ್ಟು ಬಗ್ತಾ ಇದೆ. ದಿನಾ ಮಣಿಕಟ್ಟು ನೋಡ್ಕೊಂಡೇ ಕೆಲಸ ಮಾಡೋಳು ನಾನು. ಇನ್ನು ಸಾಕು ಮಾಡು." ನೀನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವಳು ಪೈಯನ್ನು ಅರ್ಧಕ್ಕೆ ಬಿಟ್ಟು ನನ್ನ ತಟ್ಟೆಗೆ ಸರಿಸಿದಳು. ಆಮೇಲೆ ಪಿಸ್ತೂಲು ಕಪಾಟಿನ ಮೇಲಿನ ಖಾನೆಗೆ ಹೋಯಿತು. ಮೊದಲು ಗುರಿ ಹೊಡೆಯಲು ಹೋಗುತ್ತಿದ್ದ ಶನಿವಾರಗಳಲ್ಲಿ ಅವಳು ಬೇರೆ ಏನನ್ನೂ ಶುರುಮಾಡಲಿಲ್ಲ, ಸುಮ್ಮನೆ ಶನಿವಾರವನ್ನು ಕಳೆಯುತ್ತಿದ್ದಳು. ಕಾಫಿ ಪಾತ್ರೆಯನ್ನು ಎರಡು ಕೈಯಲ್ಲಿ ಎತ್ತತೊಡಗಿದಳು. ಬಿಲ್ಲಿಂಗ್ಸ್‌ನ ಡಾಕ್ಟರು ಎಲ್ಲ ನೋಡಿ ಏನೂ ಇಲ್ಲ ಎಂದಾಗ, ಏನೂ ಇಲ್ಲ ಅಂದರೆ ಅವರಿಗೆ ಕಾಣುತ್ತಿಲ್ಲ ಅಂತ ಅರ್ಥ ಎಂದಳು. ನೀವಿಬ್ಬರೂ ಫೋನಿನಲ್ಲಿ ಹವೆಯ ಬಗ್ಗೆ ಮಾತಾಡುವುದನ್ನು ನಾನು ಏಳು ವರ್ಷ ಪಕ್ಕದ ಕೋಣೆಯಿಂದ ಕೇಳಿಸಿಕೊಂಡೆ. ಸ್ಪೋಕೇನ್‌ನಲ್ಲಿ ಎಷ್ಟು ಮಳೆ, ಇಲ್ಲಿ ಎಷ್ಟು ಗಾಳಿ. ಅವಳು ತೀರಿಕೊಂಡದ್ದು ಮೆದುಳಿನ ರಕ್ತನಾಳ ಒಡೆದು. ಮಣಿಕಟ್ಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ನಿನ್ನ ಕಾಗದದ ಎರಡನೆಯ ಪುಟದಲ್ಲಿ, ಅವತ್ತು ಅಮ್ಮನಿಗೆ ಅಂದದ್ದು ಈಗ ನನ್ನ ಕೈಗೇ ಬಂತು ಎಂದು ಬರೆದಿದ್ದೀಯ. ನೀನೂ ಕಾಫಿ ಪಾತ್ರೆಯನ್ನು ಎರಡು ಕೈಯಲ್ಲಿ ಎತ್ತುತ್ತಿದ್ದೀಯಂತೆ. ಆ ಸಾಲನ್ನು ನಾನು ಹಲವು ಸಲ ಓದಿದೆ.

ಅದಕ್ಕೆ ನನ್ನ ಉತ್ತರ: ಹಾಗೆಲ್ಲ ಬರುವುದಿಲ್ಲ. ಡಾಕ್ಟರ ಬಳಿಗೆ ಹೋಗುವುದಾದರೆ ಹೋಗು, ನಾನು ಡಾಕ್ಟರಲ್ಲ. ಆದರೆ ಹೋಗುವ ಮೊದಲು ನಾನು ಹೇಳಿದ ಹಾಗೆ ಕೊಳಕು ನಳಿಗೆಯಲ್ಲಿ ಪರೀಕ್ಷೆ ಮಾಡು. ಕಾಡತೂಸನ್ನು ಅಂಚೆಯಲ್ಲಿ ಕಳಿಸುವಂತಿಲ್ಲ, ಡೈ ಕಳಿಸಬಹುದು. ಅಮ್ಮನ ಡೈಯನ್ನು ನನ್ನ ಹಳೆಯ ಪ್ರೆಸ್ಸಿನಿಂದ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ ಈ ಪೊಟ್ಟಣದಲ್ಲಿ ಇಟ್ಟಿದ್ದೇನೆ. ಕೆಂಪು ಗೆರೆ ಕೂಡಿದೆ. ಅದನ್ನು ನಿನ್ನ ಪ್ರೆಸ್ಸಿಗೆ ಹಾಕಿದರೆ ಹೆಚ್ಚುಕಡಿಮೆ ಸರಿ ಬರುತ್ತದೆ. ಪ್ರೆಸ್ಸಿಂದ ಪ್ರೆಸ್ಸಿಗೆ ಕೂದಲೆಳೆ ವ್ಯತ್ಯಾಸವಿರುತ್ತದೆ, ಆದ್ದರಿಂದ ಟಣ್ ಎನ್ನುವುದನ್ನು ಕೇಳದೆ ನಂಬಬೇಡ. ಸೀಸ ಮುಟ್ಟಿದ ಮೇಲೆ ಕೈ ತೊಳೆದುಕೊಂಡೇ ಊಟಕ್ಕೆ ಕೂರು. ಕಾಲುಚೀಲ ತೊಳೆದದ್ದೇ.

ಎಮೆಟ್ ನಿನ್ನ ಬಗ್ಗೆ ಕೇಳಿದ. ಎಂಬತ್ತೆರಡಾಯಿತು, ಈಗಲೂ ಶನಿವಾರ ಸಾಲು ನೋಡಿಕೊಳ್ಳುತ್ತಾನೆ. ನೀನು ಪಿಸ್ತೂಲು ಹಿಡಿದಿದ್ದೀಯ ಎಂದು ಹೇಳಿದ್ದಕ್ಕೆ, "ಒಳ್ಳೇದಾಯ್ತು, ನಿನ್ನ ಮನೇಲಿ ಗುರಿ ನೋಡೋರು ಒಬ್ಬರಾದರೂ ಇರ್ಲಿ. ನೀನಂತೂ ಗುಂಡು ತುಂಬೋದೇ ಜನ್ಮ," ಎಂದ. ಪಕ್ಕದ ಮನೆಯವರು ಬುಧವಾರ ತಂದುಕೊಟ್ಟ ಮಾಂಸದ ಅಡುಗೆ ಇನ್ನೂ ಉಳಿದಿದೆ. ನಾಯಿ ಚೆನ್ನಾಗಿದೆ, ದಪ್ಪಗಾಗಿದೆ, ಅದಕ್ಕೆ ಕಾರಣವೂ ಆ ಅಡುಗೆಯೇ. ಚಳಿಗಾಲದ ಟೈರು ಹಾಕಿಸಿಕೊಂಡೆಯಾ? ಲುಕ್‌ಔಟ್ ಕಣಿವೆಯಲ್ಲಿ ಹಿಮ ಬೀಳುವ ಮುಂಚೆ ಈ ಕಡೆ ಬರುವ ಮನಸ್ಸಾದರೆ ಬಾ. ನಿನ್ನ ಕೋಣೆಯಲ್ಲಿ ಟೊಮೇಟೊ ಹಣ್ಣಿಗಿಟ್ಟಿದ್ದೇನೆ, ತೆಗೆಯುತ್ತೇನೆ. ನಿನ್ನ ಕೈಗೂ ಮೈಗೂ ಒಳ್ಳೆಯದಾಗಲಿ, ಕಣ್ಣಿಗೆ ನಿದ್ದೆ ಬರಲಿ.

ನಿನ್ನ ಅಪ್ಪ
ಲೋವೆಲ್ ಹಾಗೆನ್

ಮತ್ತೆ: ಸೋಮವಾರ ಬೆಳಿಗ್ಗೆ. ಅಂಚೆ ಕಚೇರಿಯ ಮೇಜಿನ ಮೇಲೆ, ಸರಪಳಿ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಸರಪಳಿ ಗಿಡ್ಡ ಎಂದುಕೋ. ಮುಖ್ಯ ಮಾತು ಮೊದಲ ವಾಕ್ಯದಲ್ಲೇ ಇರಬೇಕು ಎಂದೇ ಮೇಷ್ಟ್ರು ಹೇಳಿದ್ದು. ದಾರಿಯಲ್ಲಿ ನೆನಪಾಯಿತು. ನೋಟುಪುಸ್ತಕದ ಕೊನೆಯ ಪುಟದ ಅಂಕಿ ಅಮ್ಮನದಲ್ಲ, ನನ್ನದು. ಅವಳದು ಸರಿಯಾಗಿ ಒಂದೂಕಾಲು ಇಂಚು. ಗ್ರೇಟ್ ಫಾಲ್ಸ್‌ಗೆ ಹೋಗುವ ವಾರ ಯಾವುದೋ ಪತ್ರಿಕೆಯಲ್ಲಿ ಗುಂಡು ಎತ್ತರಕ್ಕಿದ್ದಷ್ಟೂ ಗುರಿ ಬಿಗಿ ಎಂದು ಓದಿ, ಅವಳಿಗೆ ಎರಡು ಅಂಕ ಹೆಚ್ಚು ಬರಲೆಂದು, ಕೇಳದೆ ತಿರುಪನ್ನು ಅರ್ಧ ಸುತ್ತು ಮೇಲೆತ್ತಿದೆ. ಆಮೇಲೆ ಅವಳ ಅಂಕಿಯನ್ನು ರಬ್ಬರಿನಿಂದ ಉಜ್ಜಿ ಅದರ ಮೇಲೆ ನನ್ನದನ್ನು ಬರೆದೆ. ಪುಟವನ್ನು ಬೆಳಕಿಗೆ ಹಿಡಿದರೆ ಹಳೆಯದು ಕಾಣುತ್ತದೆ. ಪರೀಕ್ಷೆ ಮಾಡಿದ್ದೆ, ಅವಳು ಹಿಂದಿನ ಸಂಜೆ ತೊಳೆದಿಟ್ಟ ನಳಿಗೆಯಲ್ಲಿ. ಟಣ್ ಎಂದಿತು.

ಸ್ಪರ್ಧೆ ಮುಗಿದು ಮೂರನೆಯ ದಿನ, ಅವಳು ಇನ್ನೂ ತೊಳೆಯದ ನಳಿಗೆಗೆ ಉಳಿದ ಕಾಡತೂಸುಗಳನ್ನು ಒಂದೊಂದಾಗಿ ಬಿಟ್ಟು ನೋಡಿದೆ. ಹನ್ನೊಂದಕ್ಕೆ ಹನ್ನೊಂದೂ ಹೊರಗೆ ನಿಂತವು. ಒಂದನ್ನು ಅವಳಿಗೆ ತೋರಿಸಲೆಂದು ಜೇಬಿನಲ್ಲಿಟ್ಟುಕೊಂಡು ಅಡುಗೆಮನೆಗೆ ಹೋದೆ. ಅವಳು ಪೈಗೆ ರೂಬಾರ್ಬ್ ದಂಟು ಹೆಚ್ಚುತ್ತಿದ್ದಳು. ನಾನು ಬಾಯಿ ತೆರೆಯುವ ಮುಂಚೆ, "ಇಪ್ಪತ್ತಾರು ವರ್ಷದಲ್ಲಿ ನೀನು ತುಂಬಿದ್ದು ಒಂದ್ಸಲಾನೂ ಮೋಸ ಮಾಡ್ಲಿಲ್ಲ ಲೋವೆಲ್. ಸೋತಿದ್ದು ನನ್ನ ಕೈ. ಅಷ್ಟು ಗೊತ್ತಿದ್ರೆ ಸಾಕು ನಂಗೆ," ಎಂದಳು. ನಾನು ಶೆಡ್ಡಿಗೆ ಹೋಗಿ ತಿರುಪನ್ನು ಹಿಂದಕ್ಕೆ ತಿರುಗಿಸಿ ಗೆರೆಯನ್ನು ಕೂಡಿಸಿದೆ. ಪುಸ್ತಕದ ಅಂಕಿಯನ್ನು ಮರೆತೆ. ನಾಳೆ ಹೇಳೋಣ ಎಂದುಕೊಂಡೆ. ಅವಳು ಕಾಫಿ ಪಾತ್ರೆಗೆ ಎರಡನೆಯ ಕೈ ಹಾಕಿದ ದಿನವೂ ಹೇಳಲಿಲ್ಲ.

ಅವಳ ಮಣಿಕಟ್ಟಿಗೆ ಏನೂ ಆಗಿರಲಿಲ್ಲ ಕೊರಿನ್. ನೀನು ಅಂದು ನೋಡಿದ್ದು, ಮುಚ್ಚದ ಸ್ಲೈಡನ್ನು ಹೆಬ್ಬೆರಳಿನಲ್ಲಿ ನೂಕುತ್ತಿದ್ದ ಕೈ. ನಿನ್ನ ಮಣಿಕಟ್ಟಿಗೂ ಏನೂ ಆಗಿಲ್ಲ ಎಂದೇ ನನ್ನ ಎಣಿಕೆ. ನನ್ನ ಅಂಕಿಯನ್ನೇ ನೀನೂ ಕೂರಿಸಿದ್ದೀಯ, ನನ್ನ ಹಾಗೆಯೇ ತೊಳೆದ ನಳಿಗೆಯಲ್ಲಿ. ಕೆಲಸದಲ್ಲಿ ಕಡಿಮೆ ಮಾಡಿಕೊಂಡ ಆ ಒಂದು ದಿನವನ್ನು ಪೂರ್ತಿಯಾಗಿ ಯಾರಿಗೂ ಬಿಟ್ಟುಕೊಡಬೇಡ. ತುಂಬಿಟ್ಟಿರುವುದನ್ನೆಲ್ಲ ಬಿಚ್ಚಿ ಒಂದೂಕಾಲಿಗೆ ಹೊಸದಾಗಿ ತುಂಬು, ಕೊಳಕು ನಳಿಗೆಯಲ್ಲಿ ಟಣ್ ಎಂದ ಮೇಲೆ ಮೈದಾನಕ್ಕೆ ಹೋಗು. ಸ್ಲೈಡು ಮುಚ್ಚಿತೋ ಇಲ್ಲವೋ ಒಂದು ಸಾಲು ಬರಿ. ಬೇರೆ ಏನನ್ನೂ ಬರೆಯಬೇಕಾಗಿಲ್ಲ.

ಗುರಿಹಲಗೆ ತಿರುಗಿ ಬಹಳ ವರ್ಷವಾಯಿತು, ಇನ್ನೊಂದು ಸುತ್ತು ಸಿಗುವುದಿಲ್ಲವೆಂದು ಗೊತ್ತು. ಆದರೂ ಅವಳು ಎತ್ತದ ಕೈಯನ್ನು ಇಲ್ಲಿ ನಾನು ಎತ್ತಿದ್ದೇನೆ. ದೋಷ ಕಾಡತೂಸಿನದು.

ಕಿಟಕಿಯ ಹುಡುಗಿ ಪೊಟ್ಟಣ ತೂಗಬೇಕಂತೆ, ಕೈ ನೀಡಿ ನಿಂತಿದ್ದಾಳೆ.

ಅಪ್ಪ